ಸಿಆರ್ ಯಾರ ಹೆಸರಲ್ಲಿದೆ?

ಬಹ್ರೈನಿನ ಮನಾಮಾದ ಗಲ್ಲಿಯೊಂದರ ‘ಕೋಲ್ಡ್ ಸ್ಟೋರ್’ ಎಂಬ ಕಿರಾಣಿ ಅಂಗಡಿಯಲ್ಲಿ ಒಂದು ಕಟ್ಟು ಖುಬ್ಬೂಸ್ ರೊಟ್ಟಿ, ಒಂದು ಬಾಟಲಿ ಲಬನ್ ಮಜ್ಜಿಗೆ ಕೊಂಡು ಬಿಲ್ಲು ಕೇಳಿದರೆ, ಅದರ ತಲೆಯಲ್ಲಿ ಅಂಗಡಿಯ ಹೆಸರಿನ ಜೊತೆಗೆ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಅದು ಸಿಆರ್ ನಂಬರು, ಅಂದರೆ ವಾಣಿಜ್ಯ ನೋಂದಣಿಯ ಸಂಖ್ಯೆ. ಕೊನೆಯಲ್ಲೊಂದು ಅಡ್ಡಗೆರೆ, ಗೆರೆಯಾಚೆ 1, 2, 3 ಎಂಬ ಪುಟ್ಟ ಅಂಕಿ. ಅದೇ ನೋಂದಣಿಯಡಿ ಇದು ಎಷ್ಟನೆಯ ಮಳಿಗೆ ಎಂಬುದರ ಗುರುತು. ಗಲ್ಲಾದ ಮೇಲೆ ಕೂತವರು ಕುಂದಾಪುರದವರೋ ಕಾಸರಗೋಡಿನವರೋ ಆಗಿರಬಹುದು. ಆ ಸಂಖ್ಯೆಯ ಹಿಂದಿನ ಹೆಸರು ಅವರದೇ ಆಗಿರಬೇಕೆಂದೇನೂ ಇಲ್ಲ.

ಕಂಪನಿ ಕಾನೂನಿನ ಪಠ್ಯಪುಸ್ತಕಗಳು ಹೊಣೆಗಾರಿಕೆಯಿಂದ ಶುರುವಾಗುತ್ತವೆ. ವ್ಯಾಪಾರ ಮುಳುಗಿದರೆ ಸಾಲ ಯಾರ ಮನೆ ಬಾಗಿಲಿಗೆ ಬರುತ್ತದೆ ಎಂಬುದು ಅವುಗಳ ಮೊದಲ ಪ್ರಶ್ನೆ. ಬಹ್ರೈನಿನಲ್ಲಿ ಮೊದಲ ಪ್ರಶ್ನೆ ಇನ್ನೊಂದು: ಸಿಆರ್ ಯಾರ ಹೆಸರಲ್ಲಿದೆ? ವ್ಯಾಪಾರ ಯಾವ ರೂಪದ್ದು ಎನ್ನುವುದಕ್ಕಿಂತ ಮುಂಚೆ ಅದು ಯಾವ ದೇಶದವರದು ಎಂದು ಕೇಳುವ ಈ ರೂಢಿಗೆ ನೂರು ವರ್ಷದಷ್ಟು ವಯಸ್ಸಾಗಿದೆ. ದ್ವೀಪದ ಅತಿ ದೊಡ್ಡ ಕಂಪನಿಯೇ ಆ ಪ್ರಶ್ನೆಗೆ ಉಪಾಯವಾಗಿ ಉತ್ತರ ಹುಡುಕಿಕೊಂಡು ಹುಟ್ಟಿದ್ದು.

ಕತೆ ಫ್ರಾಂಕ್ ಹೋಮ್ಸ್ ಎಂಬ ನ್ಯೂಜಿಲೆಂಡಿನ ಗಣಿ ಎಂಜಿನಿಯರನದು. ಲಂಡನ್ನಿನ ಈಸ್ಟರ್ನ್ ಆ್ಯಂಡ್ ಜನರಲ್ ಸಿಂಡಿಕೇಟ್ ಪರವಾಗಿ ಆತ 1925ರಲ್ಲಿ ಬಹ್ರೈನಿನ ತೈಲ ಹುಡುಕುವ ಪರವಾನಗಿ ಪಡೆದ. ಪರವಾನಗಿ ಸಿಕ್ಕಿತು, ಬಾವಿ ಕೊರೆಯಲು ಹಣವಿರಲಿಲ್ಲ. ಬ್ರಿಟನ್ನಿನ ದೊಡ್ಡ ಕಂಪನಿಗಳಿಗೆ ಆ ಮರಳಿನಲ್ಲಿ ನಂಬಿಕೆಯಿರಲಿಲ್ಲ. 1927ರಲ್ಲಿ ಹಕ್ಕು ಅಮೆರಿಕದ ಗಲ್ಫ್ ಆಯಿಲ್ ಕೈಗೆ ಹೋಯಿತು. ಆದರೆ ಹಳೆಯ ಆಟೊಮನ್ ಸೀಮೆಯಲ್ಲಿ ಒಂಟಿಯಾಗಿ ತೈಲ ಹುಡುಕುವುದಿಲ್ಲವೆಂದು ದೊಡ್ಡ ಕಂಪನಿಗಳು 1928ರಲ್ಲಿ ಮಾಡಿಕೊಂಡ ‘ಕೆಂಪು ಗೆರೆ’ ಒಪ್ಪಂದಕ್ಕೆ ಅದೂ ಕಟ್ಟುಬಿದ್ದಿತ್ತು. ಹಾಗಾಗಿ ಅದೇ ವರ್ಷದ ಕೊನೆಗೆ ಹಕ್ಕು ಒಪ್ಪಂದದ ಹೊರಗಿದ್ದ ಸ್ಟಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾಕ್ಕೆ ದಾಟಿತು. ಅಲ್ಲಿ ಎದುರಾದದ್ದು ದ್ವೀಪಕ್ಕೆ ರಕ್ಷಣೆ ಕೊಟ್ಟಿದ್ದ ಬ್ರಿಟಿಷರ ಷರತ್ತು: ತೈಲ ತೆಗೆಯುವ ಕಂಪನಿ ಬ್ರಿಟಿಷ್ ಆಗಿರಬೇಕು.

ವಕೀಲರು ನಕಾಶೆ ನೋಡಿದರು. ಕೆನಡಾ ಬ್ರಿಟಿಷ್ ಸಾಮ್ರಾಜ್ಯದ ಒಳಗಿತ್ತು, ಕ್ಯಾಲಿಫೋರ್ನಿಯಾಕ್ಕೆ ಹತ್ತಿರವೂ ಇತ್ತು. 1929ರ ಜನವರಿಯಲ್ಲಿ ಬಹ್ರೈನ್ ಪೆಟ್ರೋಲಿಯಂ ಕಂಪನಿ, ಅಂದರೆ ಬಾಪ್ಕೊ, ಕೆನಡಾದಲ್ಲಿ ನೋಂದಣಿಯಾಯಿತು. ದುಡ್ಡು ಅಮೆರಿಕದ್ದು, ಯಂತ್ರ ಅಮೆರಿಕದ್ದು, ಕೊರೆಯುವವರೂ ಅಮೆರಿಕನ್ನರು. ಜನನಪತ್ರ ಮಾತ್ರ ಕೆನಡಾದ್ದು. ಬ್ರಿಟಿಷ್ ಅಧಿಕಾರಿಗಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಚೌಕಾಸಿ ನಡೆಯಿತು, ದ್ವೀಪದಲ್ಲಿ ಕಂಪನಿಯ ಪರವಾಗಿ ಸರ್ಕಾರದೊಡನೆ ಮಾತಾಡಲು ಅವರು ಒಪ್ಪುವ ಮುಖ್ಯ ಪ್ರತಿನಿಧಿಯೊಬ್ಬ ಇರಬೇಕೆಂದಾಯಿತು, ಆ ಸ್ಥಾನ ಹೋಮ್ಸ್‌ನಿಗೇ ಬಂತು. 1931ರಲ್ಲಿ ಕೊರೆತ ಶುರುವಾಗಿ 1932ರ ಜೂನ್ 1ರಂದು ಜಬಲ್ ದುಖಾನ್ ಬೆಟ್ಟದ ಬುಡದಲ್ಲಿ ಎಣ್ಣೆ ಚಿಮ್ಮಿತು. ಅರಬ್ ಕೊಲ್ಲಿಯ ಈ ದಡದಲ್ಲಿ ಸಿಕ್ಕ ಮೊದಲ ತೈಲ ಅದು.

ಕಂಪನಿ ತನ್ನ ಷೇರುದಾರರಿಂದ ಬೇರೆಯೇ ಆದ ಒಬ್ಬ ‘ವ್ಯಕ್ತಿ’ ಎಂದು 1896ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್, ಬೂಟು ತಯಾರಿಸುವ ಆರನ್ ಸಾಲೊಮನ್‌ನ ಪ್ರಕರಣದಲ್ಲಿ ಹೇಳಿತ್ತು. ಆ ತೀರ್ಪು ವ್ಯಾಪಾರಿಯ ಮನೆಯನ್ನು ಸಾಲ ಕೊಟ್ಟವರಿಂದ ಕಾಪಾಡಿದ್ದಕ್ಕೆ ಹೆಸರಾಯಿತು. ಬಾಪ್ಕೊ ಅದೇ ತತ್ವದ ಇನ್ನೊಂದು ಮಗ್ಗುಲನ್ನು ಬಳಸಿಕೊಂಡಿತು: ಕಂಪನಿ ಬೇರೆ ವ್ಯಕ್ತಿಯಾದರೆ ಅದಕ್ಕೆ ಬೇರೆ ಪೌರತ್ವವೂ ಇರಬಹುದು. ಕಂಪನಿ ಕಾನೂನಿನ ತರಗತಿಯಲ್ಲಿ ಈ ಉದಾಹರಣೆಯನ್ನು ಯಾಕೆ ಕಲಿಸುವುದಿಲ್ಲವೋ!

ಆ ಕಾಲದ ಬಹ್ರೈನಿನಲ್ಲಿ ಭಾರತೀಯ ವ್ಯಾಪಾರಿಯ ಸ್ಥಿತಿಯೂ ವಿಚಿತ್ರವಾಗಿತ್ತು. 1913ರಲ್ಲಿ ಬರೆದು 1919ರಲ್ಲಿ ಜಾರಿಗೆ ತಂದ ಬ್ರಿಟಿಷ್ ಆದೇಶವೊಂದರ ಪ್ರಕಾರ, ದ್ವೀಪದಲ್ಲಿದ್ದ ಬ್ರಿಟಿಷ್ ಪ್ರಜೆಗಳ ಮಟ್ಟಿಗೆ ಬಹ್ರೈನ್ ಬೊಂಬಾಯಿ ಪ್ರಾಂತ್ಯದ ಒಂದು ಜಿಲ್ಲೆಯಿದ್ದಂತೆ. ಭಾರತದ ಕಾಯಿದೆಗಳೇ ಅಲ್ಲಿ ನಡೆಯುತ್ತಿದ್ದವು. ಶ್ರೀನಾಥಜಿಯ ಗುಡಿ ಕಟ್ಟಿಕೊಂಡು ಮನಾಮಾದಲ್ಲಿ ನೆಲೆಸಿದ್ದ ಸಿಂಧ್‌ನ ಥಟ್ಟಾ ಮೂಲದ ವರ್ತಕರ ತಕರಾರನ್ನು ವಿಚಾರಿಸುತ್ತಿದ್ದವನು ಬ್ರಿಟಿಷ್ ಪೊಲಿಟಿಕಲ್ ಏಜೆಂಟ್. ಪಕ್ಕದ ಅಂಗಡಿಯ ಅರಬನಿಗೆ ಬೇರೆ ನ್ಯಾಯಾಲಯ. ಚಲಾವಣೆಯಲ್ಲಿದ್ದದ್ದು ರೂಪಾಯಿ, ಹತ್ತು ರೂಪಾಯಿಗೆ ಒಂದರಂತೆ ದಿನಾರ್ ಬಂದದ್ದು 1965ರಲ್ಲಿ. ಬ್ರಿಟಿಷರ ರಕ್ಷಣೆ 1971ರ ಆಗಸ್ಟ್‌ನಲ್ಲಿ ಮುಗಿಯಿತು. ಒಂದು ಕಾಲಕ್ಕೆ ‘ನಮ್ಮವರ’ ಕಾನೂನಿನ ನೆರಳಲ್ಲಿದ್ದ ಭಾರತೀಯ ವ್ಯಾಪಾರಿ ಆಮೇಲೆ ಪರದೇಶಿಯಾದ. ಕರಾವಳಿಯ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ಬಂದಿಳಿದದ್ದು ಈ ಎರಡನೆಯ ಕಾಲದಲ್ಲಿ, ತೈಲದ ಬೆಲೆ ಏರಿದ ಎಪ್ಪತ್ತರ ದಶಕದಿಂದೀಚೆಗೆ.

ತೈಲಕ್ಕೂ ಮುಂಚೆ ಈ ದ್ವೀಪಕ್ಕೆ ತನ್ನದೇ ವ್ಯಾಪಾರ ಸಂಘಟನೆ ಇತ್ತು: ಮುತ್ತಿನ ದೋಣಿ. ದೋಣಿಯ ಒಡೆಯ ನಾಖುದಾ, ಮುಳುಗುವವರು, ಹಗ್ಗ ಎಳೆಯುವವರು ಎಲ್ಲರಿಗೂ ಗಳಿಕೆಯಲ್ಲಿ ಪಾಲು. ಸಂಬಳ ಯಾರಿಗೂ ಇಲ್ಲ. ಮಲ್ಪೆ, ಉಳ್ಳಾಲದ ರಂಪಣಿ ಬಲೆಯ ಪಾಲಿನ ಲೆಕ್ಕ ಬಲ್ಲವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಆದರೆ ಮುತ್ತಿನ ದೋಣಿಯ ಪಾಲು ಕಾಗದದ ಮೇಲಿನ ಪಾಲಾಗಿತ್ತು. ಹಂಗಾಮಿಗೆ ಮುಂಚೆ ನಾಖುದಾ ಕೊಟ್ಟ ಮುಂಗಡ ತೀರುವುದೇ ಇಲ್ಲ, ಲೆಕ್ಕ ಅವನ ಕೈಯಲ್ಲಿ. 1920ರ ದಶಕದ ಸುಧಾರಣೆಗಳು ಪ್ರತಿಯೊಬ್ಬ ಮುಳುಗುಗಾರನಿಗೂ ತನ್ನದೇ ಲೆಕ್ಕದ ಪುಸ್ತಕ ಇರಬೇಕೆಂದು ಕಟ್ಟುಮಾಡಿದವು. ಪಾಲುದಾರನಿಗೆ ಲೆಕ್ಕ ನೋಡುವ ಹಕ್ಕಿದೆ ಎಂಬ ಕಂಪನಿ ಕಾನೂನಿನ ಮೂಲ ಪಾಠ ಬಹ್ರೈನಿಗೆ ಬಂದದ್ದು ಹೀಗೆ, ಸಮುದ್ರದ ಮೇಲಿಂದ. ಜಪಾನಿನ ಕೃಷಿ ಮುತ್ತು ಮತ್ತು ಜಾಗತಿಕ ಆರ್ಥಿಕ ಕುಸಿತ ಸೇರಿ ಆ ಉದ್ಯಮವನ್ನೇ ನುಂಗಿದ್ದರಿಂದ ಆ ಪುಸ್ತಕಗಳು ಹೆಚ್ಚು ಕಾಲ ಉಪಯೋಗಕ್ಕೆ ಬರಲಿಲ್ಲ.

ಸ್ವತಂತ್ರ ಬಹ್ರೈನ್ ತನ್ನ ವಾಣಿಜ್ಯ ಕಂಪನಿಗಳ ಕಾನೂನನ್ನು 1975ರಲ್ಲಿ ಮಾಡಿತು. ಈಗಿರುವುದು ಅದರ ಜಾಗಕ್ಕೆ ಬಂದ 2001ರ 21ನೇ ಶಾಸನಾದೇಶ, ಅನೇಕ ತೇಪೆಗಳೊಂದಿಗೆ. ಎಲ್ಲ ಪಾಲುದಾರರೂ ತಮ್ಮ ಸಮಸ್ತ ಆಸ್ತಿಯಿಂದ ಹೊಣೆ ಹೊರುವ ಸಾಮೂಹಿಕ ಪಾಲುದಾರಿಕೆ, ಕೆಲವರು ಪೂರ್ತಿ ಹೊಣೆ ಹೊತ್ತು ಉಳಿದವರು ಹಾಕಿದ ಹಣದ ಮಟ್ಟಿಗೆ ಮಾತ್ರ ಹೊರುವ ಸೀಮಿತ ಪಾಲುದಾರಿಕೆ, ಸಾರ್ವಜನಿಕ ಮತ್ತು ಮುಚ್ಚಿದ ಷೇರು ಕಂಪನಿಗಳು ಎಲ್ಲವೂ ಅದರಲ್ಲಿವೆ. ಷೇರು ಕಂಪನಿಯ ಹೆಸರಿಗೆ ಬಿಎಸ್‌ಸಿ ಎಂಬ ಬಾಲವಿರುತ್ತದೆ. ಆದರೆ ರಸ್ತೆಯ ಎರಡೂ ಬದಿಯ ಬೋರ್ಡುಗಳಲ್ಲಿ ಕಾಣುವುದು ಇನ್ನೊಂದು ಬಾಲ: ಡಬ್ಲ್ಯೂಎಲ್ಎಲ್, ಸೀಮಿತ ಹೊಣೆಯ ಕಂಪನಿ. ಎಂಜಿನಿಯರಿಂಗ್ ವರ್ಕ್‌ಶಾಪು, ಕ್ಲಿನಿಕ್ಕು, ಕಾರ್ಗೋ ಕಚೇರಿ, ಉಡುಪಿ ಊಟದ ಹೋಟೆಲು ಎಲ್ಲಕ್ಕೂ ಒಗ್ಗುವ ರೂಪ ಇದು. ಬ್ಯಾಂಕಿಂಗ್, ವಿಮೆಯಂಥವನ್ನು ಮಾತ್ರ ಈ ರೂಪದಲ್ಲಿ ನಡೆಸುವಂತಿಲ್ಲ.

2001ರ ಕಾನೂನಿನಲ್ಲಿ ಇನ್ನೊಂದು ಕುತೂಹಲದ ಅಂಶವಿತ್ತು. ಒಬ್ಬನೇ ಮಾಲೀಕನ ಕಂಪನಿಯನ್ನು ಬಹ್ರೈನ್ ಆಗಲೇ ಒಪ್ಪಿಕೊಂಡಿತ್ತು. ಭಾರತ ‘ಒಬ್ಬ ವ್ಯಕ್ತಿಯ ಕಂಪನಿ’ಗೆ ಬಾಗಿಲು ತೆರೆದದ್ದು 2013ರ ಕಾಯಿದೆಯಲ್ಲಿ, ಅದೂ ದೇಶದಲ್ಲೇ ವಾಸವಿರುವ ಭಾರತೀಯರಿಗೆ ಮಾತ್ರ, ಅನಿವಾಸಿಗಳಿಗೆ ಅವಕಾಶ ಸಿಕ್ಕಿದ್ದು 2021ರ ಏಪ್ರಿಲ್‌ನಿಂದ. ಅಷ್ಟರಲ್ಲಿ ಬಹ್ರೈನ್ ಒಂದು ಹೆಜ್ಜೆ ಮುಂದೆ ಹೋಗಿ ಆ ರೂಪವನ್ನೇ ರದ್ದುಮಾಡಿತ್ತು. 2020ರ ತಿದ್ದುಪಡಿಯ ನಂತರ ಡಬ್ಲ್ಯೂಎಲ್ಎಲ್ ಅನ್ನು ಒಬ್ಬರೇ ಇಟ್ಟುಕೊಳ್ಳಬಹುದು, ಅದಕ್ಕೆಂದೇ ಬೇರೆ ಹೆಸರು ಬೇಕಿಲ್ಲ.

ಇಷ್ಟೆಲ್ಲ ರೂಪಗಳಿದ್ದೂ ಸಣ್ಣ ಅಂಗಡಿ ನಿಂತಿದ್ದದ್ದು ಯಾವುದರ ಮೇಲೆ? ಬಹುಪಾಲು, ಕಂಪನಿಯೇ ಅಲ್ಲದ ಒಂದು ರೂಪದ ಮೇಲೆ: ಒಬ್ಬ ವ್ಯಕ್ತಿಯ ಹೆಸರಿನ ವೈಯಕ್ತಿಕ ಸಂಸ್ಥೆ. ಇದು ಮುಖ್ಯವಾಗಿ ಬಹ್ರೈನಿಗಳಿಗೂ ಕೊಲ್ಲಿ ಸಹಕಾರ ಮಂಡಳಿಯ ದೇಶಗಳ ಪ್ರಜೆಗಳಿಗೂ ಮೀಸಲು. ಮಂಗಳೂರಿನ ಕಡೆಯ ಒಬ್ಬ ಟೈಲರನ್ನು ಊಹಿಸಿಕೊಳ್ಳಿ. ಹತ್ತು ವರ್ಷ ಬೇರೆಯವರ ಅಂಗಡಿಯಲ್ಲಿ ಹೊಲಿದು, ಉಳಿಸಿದ ಹಣದಲ್ಲಿ ಮುಹರ್‍ರಕ್‌ನಲ್ಲಿ ಸ್ವಂತ ಅಂಗಡಿ ಇಡುತ್ತಾನೆ. ಯಂತ್ರ ಅವನದು, ಬಟ್ಟೆಯ ಸಾಲ ಅವನದು, ಗಿರಾಕಿಗಳ ಅಳತೆ ಪುಸ್ತಕ ಅವನದು. ಸಿಆರ್ ಮಾತ್ರ ಒಬ್ಬ ಅರಬಾಬನ, ಅಂದರೆ ಸ್ಥಳೀಯ ಪ್ರಾಯೋಜಕನ, ಹೆಸರಲ್ಲಿ. ಅರಬಾಬನಿಗೆ ತಿಂಗಳಿಗಿಷ್ಟು ಎಂದು ದಿನಾರ್ ಹೋಗುತ್ತದೆ. ನೋಂದಣಿಯ ಪುಟದಲ್ಲಿ ಟೈಲರನು ಮಾಲೀಕನಲ್ಲ, ಕೆಲಸಗಾರ. ಅವನ ವೀಸಾ ಕೂಡ ಅದೇ ಸಿಆರ್‌ನ ಮೇಲೆ.

ಇದರಲ್ಲಿ ಟೈಲರನಿಗೆ ಎಷ್ಟು ಅಪಾಯವಿದೆಯೋ ಅರಬಾಬನಿಗೂ ಅಷ್ಟೇ ಇದೆ. ಊರಿನ ಹರಟೆಯಲ್ಲಿ ಈ ಎರಡನೆಯ ಭಾಗವನ್ನು ಯಾರೂ ಹೇಳುವುದಿಲ್ಲ. ವೈಯಕ್ತಿಕ ಸಂಸ್ಥೆಗೆ ಸೀಮಿತ ಹೊಣೆ ಎಂಬುದಿಲ್ಲ. ಬಟ್ಟೆ ಸರಬರಾಜುದಾರನ ಬಾಕಿ, ಮಳಿಗೆಯ ಬಾಡಿಗೆ, ಕೆಲಸಗಾರರ ವಿಮೆಯ ಕಂತು ಯಾವುದು ನಿಂತರೂ ನೋಟಿಸು ಹೋಗುವುದು ಸಿಆರ್‌ನಲ್ಲಿ ಹೆಸರಿರುವವನಿಗೆ. ಅಂಗಡಿಯಾಚೆಗಿನ ಅವನ ಆಸ್ತಿಗೂ ಅದು ತಟ್ಟುತ್ತದೆ. ಇತ್ತ ಅರಬಾಬ ತೀರಿಕೊಂಡರೆ ಸಿಆರ್ ಅವನ ವಾರಸುದಾರರ ಪಾಲಿಗೆ ಬೀಳುತ್ತದೆ. ಅವರಲ್ಲೊಬ್ಬನಿಗೆ ಅಂಗಡಿ ಬೇಡವೆನಿಸಿದರೆ ಟೈಲರನ ಕೈಯಲ್ಲಿ ಉಳಿಯುವುದು ಇಬ್ಬರ ನಡುವಿನ ಬಿಳಿ ಕಾಗದದ ಕರಾರು. ಕಾನೂನು ನಿಷೇಧಿಸಿದ ವ್ಯವಹಾರವನ್ನು ಮುಚ್ಚಿಡಲು ಬರೆದ ಕರಾರನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತುವವನು ಮೊದಲು ತನ್ನ ತಪ್ಪನ್ನೇ ಓದಿ ಹೇಳಬೇಕಾಗುತ್ತದೆ. ಸಿಆರ್ ಬಾಡಿಗೆಗೆ ಕೊಡುವುದು ಬಹ್ರೈನಿನಲ್ಲಿ ಅಪರಾಧ.

ಈ ಚಿತ್ರದಲ್ಲಿ ಒಂದು ವ್ಯಂಗ್ಯವಿದೆ. ಹೀಗೆ ಹೆಸರಿಲ್ಲದೆ ವ್ಯಾಪಾರ ಮಾಡಿದವರು ಹೊರಟು ಬಂದ ನೆಲ, ಭಾರತದಲ್ಲಿ ಕಂಪನಿ ಎಂಬ ರೂಪವನ್ನು ಬಹಳ ಬೇಗ ಕೈವಶ ಮಾಡಿಕೊಂಡ ನೆಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಕಟ್ಟಿದ ಬ್ಯಾಂಕಿನ ಆರಂಭದ ಬಂಡವಾಳ 5,000 ರೂಪಾಯಿ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಆರಂಭಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ 1910ರಲ್ಲಿ ಕೆನರಾ ಬ್ಯಾಂಕ್ ಲಿಮಿಟೆಡ್ ಆಯಿತು. 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿಗೆ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, ನೇಕಾರರಿಗೆ ನೆರವಾಗಲು ಹೊರಟು ಮೂರು ವರ್ಷದಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ಸಣ್ಣ ಹಣವನ್ನು ಕೂಡಿಸಿ, ಕಾಗದ ಬರೆಸಿ, ನಿರ್ದೇಶಕರನ್ನು ಆರಿಸಿ, ವಾರ್ಷಿಕ ಸಭೆಯಲ್ಲಿ ಲೆಕ್ಕ ಒಪ್ಪಿಸುವ ಕಲೆ ಈ ಕರಾವಳಿಗೆ ಹೊಸದಲ್ಲ. ಕಡಲು ದಾಟಿದ ಮೇಲೆ ಅದೇ ಜನ ಕಾಗದವಿಲ್ಲದ ವ್ಯಾಪಾರಕ್ಕೆ ಇಳಿದದ್ದಕ್ಕೆ ಅಜ್ಞಾನಕ್ಕಿಂತ ಕಾನೂನಿನ ಗೋಡೆಯೇ ಹೆಚ್ಚು ಕಾರಣ. ಸೀಮಿತ ಹೊಣೆಯ ಕಂಪನಿಗೆ 2001ರ ಕಾನೂನು ಮೂಲತಃ ಕೇಳಿದ ಕನಿಷ್ಠ ಬಂಡವಾಳ 20,000 ದಿನಾರ್. ಟೈಲರನೊಬ್ಬ ಅದನ್ನು ಎಲ್ಲಿಂದ ತರಬೇಕು? ಅದರ ಮೇಲೆ, ಹೆಚ್ಚಿನ ಬಗೆಯ ವ್ಯಾಪಾರಕ್ಕೆ ಶೇ 51 ಪಾಲು ಬಹ್ರೈನಿಯದಿರಬೇಕಿತ್ತು.

ಗೋಡೆ ಈಗ ಸಾಕಷ್ಟು ತಗ್ಗಿದೆ. ಆ ಕನಿಷ್ಠ ಬಂಡವಾಳದ ಷರತ್ತು ಹೋಯಿತು. 2016ರಲ್ಲಿ ಉತ್ಪಾದನೆ, ಆರೋಗ್ಯ, ಮಾಹಿತಿ ತಂತ್ರಜ್ಞಾನ, ಊಟ ವಸತಿ, ವೃತ್ತಿಪರ ಸೇವೆಗಳಂಥ ಹಲವು ಕ್ಷೇತ್ರಗಳಲ್ಲಿ ವಿದೇಶಿಯರು ನೂರಕ್ಕೆ ನೂರು ಪಾಲು ಹೊಂದಬಹುದೆಂದಾಯಿತು. ನೋಂದಣಿ ‘ಸಿಜಿಲಾತ್’ ಎಂಬ ಜಾಲತಾಣದಲ್ಲೇ ನಡೆಯುತ್ತದೆ. ಮೊದಲು ಚಟುವಟಿಕೆಯ ಸಂಕೇತ ಆರಿಸಬೇಕು. ಅಂತರರಾಷ್ಟ್ರೀಯ ವರ್ಗೀಕರಣದ ಪಟ್ಟಿಯಿಂದ ತೆಗೆದ ಸಂಖ್ಯೆ ಅದು. ಕನ್ನಡಿಗ ಉದ್ಯಮಿಗಳು ಎಡವುವ ಜಾಗವೂ ಇದೇ. ಅಡುಗೆ ಮಾಡಿ ಬಡಿಸುವುದಕ್ಕೆ ಒಂದು ಸಂಕೇತ, ಮಸಾಲೆ ಪುಡಿ ತರಿಸಿ ಮಾರುವುದಕ್ಕೆ ಇನ್ನೊಂದು. ಮೊದಲನೆಯದರಲ್ಲಿ ಪೂರ್ತಿ ಮಾಲೀಕತ್ವ ಸಿಕ್ಕರೂ ಎರಡನೆಯದಕ್ಕೆ ಬಹ್ರೈನಿ ಪಾಲುದಾರ ಬೇಕಾಗಬಹುದು. ಹೋಟೆಲಿನ ಮೂಲೆಯಲ್ಲಿ ಉಪ್ಪಿನಕಾಯಿ ಜಾಡಿ ಜೋಡಿಸಿದರೆ ಅದು ಯಾವ ಸಂಕೇತ? ಸಂಕೇತ ಗೊತ್ತಾದ ಮೇಲೆ ಹೆಸರು, ವಿಳಾಸ, ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ, ನೋಟರಿಯ ಮುಂದೆ ಸ್ಥಾಪನಾ ಒಪ್ಪಂದದ ಸಹಿ, ಬ್ಯಾಂಕಿನಲ್ಲಿ ಬಂಡವಾಳ, ಕೊನೆಗೆ ಸಿಆರ್. ಒಪ್ಪಂದ ಅರಬಿಯಲ್ಲಿರುತ್ತದೆ. ಅನುವಾದ ಓದದೆ ಸಹಿ ಹಾಕಿದವರು ಕಮ್ಮಿಯಿಲ್ಲ.

ಮಾಡುವುದು ಸುಲಭವಾದಷ್ಟು ನಡೆಸುವುದು ಸುಲಭವಾಗಿಲ್ಲ. ಸೀಮಿತ ಹೊಣೆಯ ಕಂಪನಿಗೆ ಕನಿಷ್ಠ ಒಬ್ಬ ವ್ಯವಸ್ಥಾಪಕ ಬೇಕು, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು. ನಷ್ಟ ಅರ್ಧ ಬಂಡವಾಳವನ್ನು ತಿಂದಾಗ ವ್ಯವಸ್ಥಾಪಕರು ಪಾಲುದಾರರನ್ನು ಕರೆದು, ಮುಂದುವರಿಸುವುದೋ ಮುಚ್ಚುವುದೋ ಎಂದು ಕೇಳಬೇಕು. ಒಬ್ಬ ಪಾಲುದಾರ ತನ್ನ ಪಾಲನ್ನು ಹೊರಗಿನವರಿಗೆ ಮಾರಹೊರಟರೆ ಉಳಿದವರಿಗೆ ಕೊಳ್ಳುವ ಮೊದಲ ಹಕ್ಕಿದೆ. 2018ರ ತಿದ್ದುಪಡಿ ಇನ್ನೂ ಬಿಗಿ: ಕಂಪನಿಯ ಹೆಸರಲ್ಲಿ ವಂಚನೆ ಮಾಡಿದವನು, ಕಂಪನಿಯ ಹಣವನ್ನು ಸ್ವಂತದ ಹಣದಂತೆ ಬಳಸಿದವನು ಪಾಲುದಾರನಿರಲಿ ವ್ಯವಸ್ಥಾಪಕನಿರಲಿ, ಸೀಮಿತ ಹೊಣೆಯ ಮರೆಯಲ್ಲಿ ನಿಲ್ಲುವಂತಿಲ್ಲ; ತನ್ನ ಸಮಸ್ತ ಆಸ್ತಿಯಿಂದ ತೆರಬೇಕು. ಮಗಳ ಶಾಲೆಯ ಫೀಸನ್ನು ಕಂಪನಿಯ ಖಾತೆಯಿಂದಲೇ ಕಟ್ಟುವ ನಮ್ಮವರ ಸಲೀಸಾದ ಅಭ್ಯಾಸಕ್ಕೆ ಇದು ಎಚ್ಚರಿಕೆ. 2019ರಲ್ಲಿ ಶೇ 5ರಂತೆ ಬಂದು 2022ರಲ್ಲಿ ಶೇ 10ಕ್ಕೇರಿದ ವ್ಯಾಟ್, ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ವ್ಯಾಪಾರ ಮಾಡುವ ಕಾಲವನ್ನೇ ಮುಗಿಸಿತು. ಸಮಾಧಾನದ ಸಂಗತಿ 2018ರ ದಿವಾಳಿ ಕಾನೂನು: ಮುಳುಗುತ್ತಿರುವ ಕಂಪನಿ ಬಾಗಿಲು ಹಾಕುವ ಮುಂಚೆ ಸಾಲ ಕೊಟ್ಟವರೊಂದಿಗೆ ಕೂತು ಮರುಸಂಘಟನೆಗೆ ಯತ್ನಿಸಲು ಅದು ದಾರಿ ಕೊಟ್ಟಿತು.

ಕಂಪನಿಯ ರೂಪ ಎಷ್ಟು ಸಲ ಬದಲಾಗಬಹುದು ಎಂಬುದಕ್ಕೆ ಊರಿಗೆ ಹೋಗಿಬರುವವರಿಗೆಲ್ಲ ಗೊತ್ತಿರುವ ಗಲ್ಫ್ ಏರ್ ಸಾಕ್ಷಿ. 1950ರ ಮಾರ್ಚ್‌ನಲ್ಲಿ ಫ್ರೆಡ್ಡಿ ಬಾಸ್‌ವರ್ತ್ ಎಂಬ ಬ್ರಿಟಿಷ್ ಪೈಲಟ್ ಅದನ್ನು ಖಾಸಗಿ ಷೇರು ಕಂಪನಿಯಾಗಿ ಆರಂಭಿಸಿದ. ಮರುವರ್ಷ ಬ್ರಿಟಿಷ್ ಸರ್ಕಾರಿ ವಿಮಾನ ಸಂಸ್ಥೆ ದೊಡ್ಡ ಷೇರುದಾರನಾಯಿತು. ಎಪ್ಪತ್ತರ ದಶಕದಲ್ಲಿ ಬಹ್ರೈನ್, ಕತಾರ್, ಅಬುಧಾಬಿ, ಒಮಾನ್ ಎಂಬ ನಾಲ್ಕು ಸರ್ಕಾರಗಳ ಪಾಲುದಾರಿಕೆಯಾಯಿತು. ಆಮೇಲೆ 2002ರಲ್ಲಿ ಕತಾರ್, 2005ರಲ್ಲಿ ಅಬುಧಾಬಿ, 2007ರಲ್ಲಿ ಒಮಾನ್ ಒಂದೊಂದಾಗಿ ಹೊರನಡೆದು ಬಹ್ರೈನ್ ಒಂಟಿ ಮಾಲೀಕನಾಗಿ ಉಳಿಯಿತು. ಪಾಲುದಾರಿಕೆ ಒಡೆಯುವ ಕಷ್ಟ ಸರ್ಕಾರಗಳಿಗೂ ತಪ್ಪಿದ್ದಲ್ಲ.

ಲಾಭಕ್ಕಲ್ಲದ ಸಂಘಟನೆಗೂ ಇಲ್ಲಿ ಕಾನೂನಿದೆ, 1989ರ 21ನೇ ಶಾಸನಾದೇಶ. ಯಕ್ಷಗಾನ ಆಡಿಸುವ, ರಾಜ್ಯೋತ್ಸವ ಮಾಡುವ ಸಂಘಗಳು ಅದರ ವ್ಯಾಪ್ತಿಗೆ ಬರುತ್ತವೆ. ಬಹ್ರೈನ್ ಕನ್ನಡ ಸಂಘ ನಾಲ್ಕು ದಶಕಗಳಿಗೂ ಹಳೆಯದು. ಅಂಗಡಿಯಲ್ಲಿ ಹೆಸರಿಲ್ಲದ ಅದೇ ಮನುಷ್ಯ ಸಂಘದ ಚುನಾವಣೆಗೆ ನಿಂತು, ಖಜಾಂಚಿಯಾಗಿ ಆರಿಸಿಬಂದು, ಮಹಾಸಭೆಯಲ್ಲಿ ಪೈಸೆ ಪೈಸೆಯ ಲೆಕ್ಕ ಓದುವುದಿದೆ. ಊರಿನ ಆ ಹಳೆಯ ಕಲೆ ಕೊಲ್ಲಿಯಲ್ಲಿ ಬಹುಕಾಲ ಉಳಿದುಕೊಂಡದ್ದು ಸಂಘಗಳ ಒಳಗೆ.

ಪೂರ್ತಿ ಮಾಲೀಕತ್ವದ ಬಾಗಿಲು ತೆರೆದ ಮೇಲೂ ಬಾಡಿಗೆ ಸಿಆರ್ ಯಾಕೆ ನಿಂತಿಲ್ಲ? ಒಂದು ಕಾರಣ ಖರ್ಚು: ಲೆಕ್ಕಪರಿಶೋಧಕನ ಸಂಬಳ, ಕಚೇರಿಯ ವಿಳಾಸ, ವಾರ್ಷಿಕ ಶುಲ್ಕ ಎಲ್ಲ ಸೇರಿದರೆ ಸಣ್ಣ ಅಂಗಡಿಗೆ ಭಾರ. ಮನೆಯಿಂದಲೇ, ಕಚೇರಿಯಿಲ್ಲದೆ ವ್ಯಾಪಾರ ಮಾಡಲು ಬಿಡುವ ‘ಸಿಜಿಲಿ’ ನೋಂದಣಿ ಬಹ್ರೈನಿಗಳಿಗೆ ಮೀಸಲು. ಇನ್ನೊಂದು ಕಾರಣ ವೀಸಾ. 2017ರಲ್ಲಿ ಬಂದ ಫ್ಲೆಕ್ಸಿ ಪರ್ಮಿಟ್ ಕೆಲಸಗಾರನಿಗೆ ಯಾವ ಅರಬಾಬನೂ ಇಲ್ಲದೆ ದುಡಿಯುವ ಸ್ವಾತಂತ್ರ್ಯ ಕೊಟ್ಟಿತು, ಆದರೆ ಅಂಗಡಿ ಇಡುವ ಹಕ್ಕು ಕೊಡಲಿಲ್ಲ. ಸ್ಥಳೀಯ ವ್ಯಾಪಾರಿಗಳು ಅದರಿಂದ ತಮಗೆ ಪೆಟ್ಟೆಂದು ದೂರಿದರು. 2022ರಲ್ಲಿ ಅದನ್ನು ನಿಲ್ಲಿಸಿ ಬೇರೊಂದು ನೋಂದಣಿ ಪದ್ಧತಿ ತಂದರು. ದೊಡ್ಡ ಹೂಡಿಕೆದಾರನಿಗೂ ಸಂಬಳದ ಕೆಲಸಗಾರನಿಗೂ ಈ ಕಾನೂನಿನಲ್ಲಿ ಸ್ಪಷ್ಟ ಜಾಗವಿದೆ. ಇವರಿಬ್ಬರ ನಡುವೆ ಕತ್ತರಿ ಹಿಡಿದು ನಿಂತ ಟೈಲರನಿಗೆ ಜಾಗ ಇನ್ನೂ ಇಕ್ಕಟ್ಟು.

ಹಾಗಿದ್ದರೂ, ಕೈಲಾದವರು ಡಬ್ಲ್ಯೂಎಲ್ಎಲ್ ಮಾಡಿಸಿಕೊಳ್ಳುವುದೇ ಲೇಸು ಎನ್ನಲು ಒಂದು ಕಾರಣ ಸಾಕು. ಅದರಲ್ಲಿ ಪಾಲುದಾರ ಸತ್ತರೆ ಪಾಲು ಅವನ ವಾರಸುದಾರರಿಗೆ ಸಲ್ಲುತ್ತದೆ. ಕಾರ್ಕಳದಲ್ಲಿರುವ ಹೆಂಡತಿ ವಾರಸುದಾರಿಕೆಯ ಪ್ರಮಾಣಪತ್ರ ಮಾಡಿಸಬೇಕು, ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ಮೊಹರು ಹಾಕಿಸಬೇಕು, ಅರಬಿಗೆ ಅನುವಾದಿಸಬೇಕು, ಮನಾಮಾದ ವಕೀಲನಿಗೆ ಮುಖ್ತಿಯಾರ್ ಪತ್ರ ಕಳಿಸಬೇಕು. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಬಾಡಿಗೆ ಸಿಆರ್‌ನ ಅಂಗಡಿಯಾದರೆ ಆಕೆ ಅರ್ಜಿಯಲ್ಲಿ ತುಂಬಲು ಸಂಖ್ಯೆಯೇ ಇರುವುದಿಲ್ಲ.